ಬಂಬದ ಪರೀಕ್ಷೆ

ಬಿಬವೇವಾಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಊದುಬತ್ತಿ ಹಚ್ಚಿದರೂ ಬೆರಳೊಂದನ್ನು ಗಾಳಿಗೆ ಹಿಡಿದು, "ಹೊಗಿ ಯಾಕಡೆ ಹೊಂಟದ ನೋಡ್ರಿ" ಎನ್ನುತ್ತಿದ್ದರು. ಬಚ್ಚಲಲ್ಲಿ ನೀರು ಕಾಯಿಸುವ ಅವರ ಕಟ್ಟಿಗೆ ಉರಿಸುವ ಬಂಬ ತೂತಾದಾಗ, ಹೊಸದನ್ನು ಆರಿಸಲು ತಮ್ಮ ಹೆಂಡತಿಯನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಕೈಚೀಲದಲ್ಲಿ ತೆಂಗಿನ ಚಿಪ್ಪು, ಬೆಂಕಿಪೊಟ್ಟಣ ಇದ್ದವು. ಹೆಂಡತಿ ಎಷ್ಟೋ ವರ್ಷಗಳಿಂದ ಗೀಸರ್ ಕೇಳುತ್ತಿದ್ದರು. "ಗೀಸರ್ ನೀರಿಗೆ ರುಚಿ ಇರಂಗಿಲ್ಲ" ಎಂದು ಇವರು ಒಪ್ಪಿರಲಿಲ್ಲ.

ಅಂಗಡಿಯ ಮುಂದೆ, ಹೊಗೆ ಎಷ್ಟು ಬರುತ್ತದೆಂದು ನೋಡಲು, ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ ಮೊದಲ ಬಂಬಕ್ಕೆ ಬೆಂಕಿ ಹಚ್ಚಿದರು. ಅಂಗಡಿಯವನು "ನಕೋ ಕಾಕಾ, ನಕೋ" ಎಂದು ಮರಾಠಿಯಲ್ಲಿ ಬೇಡ ಬೇಡವೆಂದು ಗೋಗರೆದ. ಮಾಲೀಕರು ಹೆಂಡತಿಯತ್ತ ತಿರುಗಿದರು.

"ಕೆಮ್ಮು ಬಂತೇನು?"

ಆಕೆ ಕೆಮ್ಮಿದರು. "ಬಂತ್ರಿ."

ಎರಡನೆಯದರ ಹೊಗೆ ನೇರವಾಗಿ ಪಕ್ಕದ ಸೀರೆ ಅಂಗಡಿಗೆ ನುಗ್ಗಿತು. ಆ ಅಂಗಡಿಯವನು ಕೆಮ್ಮಲಿಲ್ಲ, ಬೈದ. ಹೊಗೆಯಿಂದ ದೂರವಿದ್ದ ಆಕೆ ಮಾತ್ರ ಸೆರಗು ಬಾಯಿಗಿಟ್ಟು ಇನ್ನೂ ಜೋರಾಗಿ ಕೆಮ್ಮಿದರು. ಮಾಲೀಕರ ಮುಖ ಬಾಡಿತು. ನೀರು ಕುಡಿಸಿ ಬೆನ್ನು ನೀವಿದರು.

"ಇಷ್ಟ ವರ್ಷ ಹೆಂಗ ತಡಕೊಂಡಿ?"

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಮೂರನೆಯದು ತಾಮ್ರದ್ದು, ಹೊಗೆಕೊಳವೆ ಎತ್ತರವಾಗಿತ್ತು. ಅವರು ಚಿಪ್ಪು ತುಂಬಿ ಕಡ್ಡಿ ತೆಗೆದರು. ಇನ್ನೂ ಗೀರಿರಲಿಲ್ಲ, ಆಕೆ ಕೆಮ್ಮಿದರು.

ಅವರು ಕೈಯಲ್ಲಿದ್ದ ಕಡ್ಡಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಕೆ ರಸ್ತೆಯಲ್ಲಿ ಹೋಗುವ ರಿಕ್ಷಾಗಳನ್ನು ನೋಡುತ್ತಿದ್ದರು. ಮಾಲೀಕರು ಕಡ್ಡಿಯನ್ನು ಪೊಟ್ಟಣಕ್ಕೆ ಮರಳಿ ಸೇರಿಸಿ, ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಗೀಸರ್ ಎಲ್ಲಿ ಚಲೋ ಸಿಗತಾವ್ರಿ?"