ಉದುರಬಾರದ ಉಣ್ಣೆ

ಅಂಗಡಿಯ ಬಾಗಿಲು ತೆಗೆಯಲು ಇನ್ನೂ ಅರ್ಧ ಗಂಟೆ ಇತ್ತು. ಕ್ಷೌರಿಕ ಮನೆಯ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುರಿತೊಗಲು ಹರಡಿ, ಹೊಟ್ಟೆಭಾಗದ ಉಣ್ಣೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೂತಿದ್ದ. ಎಳೆದು ನೋಡಬೇಕಿತ್ತು. ಎಳೆಯುವ ಧೈರ್ಯ ಬರುತ್ತಿರಲಿಲ್ಲ. ಮೂವತ್ತೊಂದು ವರ್ಷ ಊರಿನವರ ಕೂದಲು ಇಳಿಸಿಯೇ ಹೊಟ್ಟೆ ಹೊರೆದವನಿಗೆ, ಕೂದಲು ಉದುರದಿರಲಿ ಎಂದು ಹಂಬಲಿಸುವ ಪ್ರಸಂಗ ಬಂದದ್ದು ಈಗಲೇ.

ಅಕ್ಕ ಹಾಸಿಗೆ ಹಿಡಿದು ಏಳು ತಿಂಗಳು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾಲಿಗೆಗೆ ಏನೂ ಆಗಿಲ್ಲ. ಹೋದ ತಿಂಗಳು ಅವಳ ಬೆನ್ನ ಕೆಳಭಾಗ ಅಂಗೈಯಗಲ ಕೆಂಪಾಯಿತು. ಮನೆಗೆ ಬರುವ ನರ್ಸ್ ನೋಡಿ, "ಇದು ಒಡೆದ್ರೆ ಹುಣ್ಣಾಗುತ್ತೆ ಅಣ್ಣಾ, ಆಮೇಲೆ ನನ್ನ ಕೈಲೂ ಆಗಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ. ಉಣ್ಣೆ ಇರೋ ಕುರಿತೊಗಲು ಸಿಕ್ಕಿದ್ರೆ ಕೆಳಗೆ ಹಾಸಿ" ಎಂದು ಹೇಳಿ ಹೋದಳು.

ಅಂಥದ್ದು ಪೇಟೆಯಲ್ಲಿ ಸಿಗಲಿಲ್ಲ. ಮಾಂಸದಂಗಡಿಯವನು ಹಸಿ ತೊಗಲು ಕೊಟ್ಟು, ಹದ ಮಾಡುವ ಕ್ರಮವನ್ನೂ ಹೇಳಿಕೊಟ್ಟ: ಒಳಮೈಯ ಕೊಬ್ಬು, ಮಾಂಸದ ಎಳೆ ಹೆರೆಯುವುದು, ಕಲ್ಲುಪ್ಪು ತಿಕ್ಕಿ ಎರಡು ದಿನ ಇಡುವುದು, ಆಮೇಲೆ ಪಟಿಕದ ನೀರು. ಪಟಿಕ ಎಂದ ಕೂಡಲೇ ಕ್ಷೌರಿಕನಿಗೆ ಇದು ತನ್ನದೇ ಕಸುಬು ಅನ್ನಿಸಿಬಿಟ್ಟಿತು. ಗಿರಾಕಿಯ ಗಲ್ಲಕ್ಕೆ ಕತ್ತಿ ತಾಗಿದಾಗ ಉಜ್ಜುವುದು ಅದನ್ನೇ ತಾನೆ. ಆ ಹುಮ್ಮಸ್ಸಿನಲ್ಲಿ, ಯಾವ ಗಡ್ಡಕ್ಕೂ ಮೊದಲು ಮಾಡುವುದನ್ನೇ ತೊಗಲಿಗೂ ಮಾಡಿದ: ಬಿಸಿನೀರಿನಲ್ಲಿ ನೆನೆಸಿದ. ಬೆಳಿಗ್ಗೆ ನೆನೆಸಿ ಸಂಜೆ ಬಾಚಣಿಗೆ ಹಾಕಿದರೆ ಉಣ್ಣೆ ಕಂತೆಕಂತೆಯಾಗಿ ಬಾಚಣಿಗೆಯ ಜೊತೆಗೇ ಬಂತು. ಅಷ್ಟು ನುಣ್ಣಗಿನ ಕ್ಷೌರ ಅವನು ಯಾರಿಗೂ ಮಾಡಿರಲಿಲ್ಲ.

"ತೊಗಲಿಗೆ ಬಿಸಿನೀರಾ?" ಮಾಂಸದಂಗಡಿಯವನು ಕೇಳಿದ. "ಸೋಪೂ ಹಚ್ಚಿದ್ಯೇನಪ್ಪಾ?"

ಕ್ಷೌರಿಕ ಇನ್ನೊಂದು ತೊಗಲಿಗೆ ದುಡ್ಡು ಎಣಿಸಿದ. ಸೋಪೂ ಹಚ್ಚಿದ್ದ.

ಎರಡನೆಯ ತೊಗಲನ್ನು ತಣ್ಣೀರಿನಲ್ಲಿ ತೊಳೆದು, ಮರದ ದಿಮ್ಮಿಯ ಮೇಲೆ ಹಾಕಿ, ಮೊಂಡು ಚಾಕುವಿನಲ್ಲಿ ಹೆರೆದ. ಹರಿತವಾದ ಕತ್ತಿಗಳೆಲ್ಲ ಅಂಗಡಿಯಲ್ಲೇ ಇರಲಿ ಎಂದು ಅಕ್ಕ ಮಲಗಿದಲ್ಲಿಂದಲೇ ಅಪ್ಪಣೆ ಮಾಡಿದ್ದಳು. ಮೂರು ಕಿಲೋ ಕಲ್ಲುಪ್ಪು ತಿಕ್ಕಿ, ನೀರು ಬಸಿಯುವಂತೆ ಓರೆ ಹಲಗೆಯ ಮೇಲಿಟ್ಟ. ಈಗ ಎರಡು ದಿನ ಕಳೆದಿತ್ತು. ತೊಗಲು ಕೆಟ್ಟಿದ್ದರೆ ಮೊದಲು ಸಡಿಲವಾಗುವುದು ಹೊಟ್ಟೆಯ ಉಣ್ಣೆ.

"ಏನೋ, ಇದನ್ನೂ ಬೋಳಿಸಿದ್ಯಾ?" ಒಳಗಿನಿಂದ ಅಕ್ಕನ ದನಿ.

"ಇನ್ನೂ ಎಳೆದಿಲ್ಲ ಕಣಕ್ಕಾ."

"ಎಳಿಯೋ. ಅದಕ್ಕೇನು ನೋವಾಗುತ್ತಾ?"

ಎಳೆದ. ತೊಗಲೇ ಮೇಲೆದ್ದು ಬಂತು, ಉಣ್ಣೆ ಬರಲಿಲ್ಲ. ಇನ್ನೊಂದು ಕಡೆ ಎಳೆದ. ಅಲ್ಲೂ ಇಲ್ಲ.

"ಬರ್ತಿಲ್ಲ," ಎಂದ.

"ಗಿರಾಕಿಗಳಿಗೆ ಹೇಳ್ಬೇಡ," ಅಂದಳು ಅಕ್ಕ. "ಕೈ ಬಿದ್ದುಹೋಯ್ತು ಅಂದ್ಕೋತಾರೆ."

ಉಪ್ಪು ಕೊಡವಿ, ಟಬ್ಬಿನ ತಣ್ಣೀರಿಗೆ ಪಟಿಕದ ಪುಡಿ, ಒಂದಿಷ್ಟು ಹೊಸ ಉಪ್ಪು ಕದಡಿ ತೊಗಲನ್ನು ಮುಳುಗಿಸಿದ. ಅದು ಐದು ದಿನ ಅಲ್ಲಿರಬೇಕು. ಆಮೇಲೆ ನೆರಳಿನಲ್ಲಿ ಒಣಗಿಸಿ, ಕೈಯಲ್ಲಿ ಎಳೆದೆಳೆದು ಮೆತ್ತಗೆ ಮಾಡಬೇಕು. ಅಲ್ಲಿಯವರೆಗೆ ಎರಡೆರಡು ಗಂಟೆಗೊಮ್ಮೆ, ಗಿರಾಕಿಯ ಅರ್ಧ ಮುಖದ ನೊರೆ ಹಾಗೇ ಬಿಟ್ಟು, ಅವನು ಮನೆಗೆ ಬಂದು ಅಕ್ಕನ ಮಗ್ಗುಲು ಬದಲಿಸುತ್ತಾನೆ. ಮುಂದಿನ ಸರದಿ ಹತ್ತು ಗಂಟೆಗೆ.