ಮಣ್ಣಲ್ಲಿ ಉಳಿದ ನೀರು

ನಮ್ಮ ಓನರ್ ಆಂಟಿಯ ಬಲಗಣ್ಣು ಸದಾ ಅರ್ಧ ಮುಚ್ಚಿಕೊಂಡಂತಿರುತ್ತಿತ್ತು. ಹವಾಮಾನ ಕೇಂದ್ರವೊಂದರಲ್ಲಿ ಮೂವತ್ತು ವರ್ಷ ಥರ್ಮಾಮೀಟರಿನ ಸಣ್ಣ ಗೆರೆಗಳನ್ನು ಓದಿ ಬಂದ ಅಭ್ಯಾಸ. ತರಕಾರಿಯವನ ತಕ್ಕಡಿಯನ್ನೂ ಮನುಷ್ಯರ ಮುಖವನ್ನೂ ಹಾಗೇ ನೋಡುತ್ತಿದ್ದರು.

ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲಾಗಿ ಗದಗದಿಂದ ಬಂದ ನಾನು, ಬಸವೇಶ್ವರನಗರದ ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಆ ಬೇಸಿಗೆ ಎದುರಿನ ಪಾರ್ಕಿನ ಬೋರ್‌ವೆಲ್ ಸೊರಗಿತು. ಹೊಸದಾಗಿ ನೆಟ್ಟ ನಲವತ್ತು ಹೊಂಗೆ ಸಸಿಗಳಿಗೆ ದಿನಾ ನೀರು ಕೊಡಲಾಗದು, ಆಸೆ ಬಿಡೋಣ ಎಂದರು ಬಡಾವಣೆ ಸಂಘದ ಕಾರ್ಯದರ್ಶಿ.

“ದಿನಾ ಚಿಮುಕಿಸಿದ್ರೆ ಮೇಲ್ಮೇಲೇ ಆರಿಹೋಗತ್ತೆ ಸಾರ್. ಎಂಟು ದಿನಕ್ಕೊಂದ್ಸಲ ತುಂಬಾ ಕೊಡಿ. ಯಾವತ್ತು ಅಂತ ನಾನು ಹೇಳ್ತೀನಿ,” ಎಂದರು ಆಂಟಿ.

ಟೆರೇಸಿನ ಗೂಡಿನಲ್ಲಿ ಎರಡು ಥರ್ಮಾಮೀಟರ್ ಇದ್ದವು, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿತ್ತು. ಎರಡೂ ತೋರಿಸುವ ಶಾಖದ ಅಂತರ, ಗಾಳಿ, ಬಿಸಿಲು ಇಷ್ಟರಿಂದಲೇ ಆ ದಿನ ಎಷ್ಟು ನೀರು ಆವಿಯಾಯಿತೆಂದು ಅಂದಾಜಿಸಿ, ಹಾಕಿದ ನೀರಿನಲ್ಲಿ ಕಳೆಯುತ್ತಿದ್ದರು. ಉಳಿದದ್ದು ಮಣ್ಣಿನಲ್ಲಿದೆ ಎಂದರ್ಥ.

ಅಷ್ಟರಲ್ಲಿ ಅವರ ಕಾಲು ಉಳುಕಿ, ದಿನಾ ರೀಡಿಂಗ್ ನೋಡಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಮರೆತೆ. ತೋಚಿದ ಎರಡು ಅಂಕಿ ಬರೆದಿಟ್ಟೆ.

“ಇದು ನೋಡಿ ಬರೆದಿದ್ದಾ?” ಸಂಜೆ ಕೇಳಿದರು.

“ಹೂಂರೀ.”

“ಒದ್ದೆ ಬಟ್ಟೆದು ಒಣಗಿರೋದಕ್ಕಿಂತ ಬಿಸಿಯಾಗಿದೆಯಲ್ಲೇ. ನೀರು ಆರುವಾಗ ತಣ್ಣಗಾಗತ್ತೆ, ಹಂಗಾಗಕ್ಕೆ ಸಾಧ್ಯಾನೇ ಇಲ್ಲ ಕಣೇ.”

ಅಳು ಬಂತು. ಮರೆತದ್ದನ್ನು ಹೇಳಿದೆ. ಅವರು ಗದರಲಿಲ್ಲ, ಅಂಕಿಗಳನ್ನು ಹೊಡೆದುಹಾಕಿದರು. “ಗೊತ್ತಿಲ್ದಿದ್ರೆ ಖಾಲಿ ಬಿಡು. ಹಿಂದಿನ ದಿನ, ಮುಂದಿನ ದಿನ ನೋಡಿ ಅಂದಾಜು ಮಾಡ್ಬಹುದು. ಸುಳ್ಳು ಬರೆದ್ರೆ ಏನೂ ಮಾಡಕ್ಕಾಗಲ್ಲ.” ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಲೆಕ್ಕ ಕಲಿಸಿದರು. ಗಣಿತ ನನಗೆ ಅರ್ಥವಾಗುತ್ತದೆ ಎಂದು ಗೊತ್ತಾದದ್ದು ಅವತ್ತೇ.

ಮುಂದಿನ ಸಲ ನೀರು ಕೊಟ್ಟ ಏಳನೆಯ ದಿನ ಕಾರ್ಯದರ್ಶಿ ಗೇಟಿಗೆ ಬಂದರು. “ಮೇಡಂ, ಮಣ್ಣು ಬಿರುಕು ಬಿಟ್ಟಿದೆ. ಗಿಡ ಸಾಯ್ತವೆ!”

ಆಂಟಿ ನನ್ನ ಭುಜ ಹಿಡಿದು ಕುಂಟುತ್ತಾ ಪಾರ್ಕಿಗೆ ಬಂದರು. “ನೀನೇ ಹೇಳಮ್ಮ.”

“ಇನ್ನೂ ಒಂದ್ ದಿನದ ನೀರು ಐತ್ರಿ ಸಾರ್,” ಎಂದೆ.

ಕಾರ್ಯದರ್ಶಿ ನಂಬದೆ, ಮಾಲಿಯ ಸಲಿಕೆ ತೆಗೆದುಕೊಂಡು ತಾವೇ ಅಗೆದರು. ಮೊಳದಾಳದಲ್ಲಿ ಮಣ್ಣು ಕಪ್ಪಗಿತ್ತು, ಹಿಡಿದರೆ ಉಂಡೆಯಾಯಿತು. ಉಂಡೆಯನ್ನು ಕೈಯಲ್ಲಿಟ್ಟುಕೊಂಡೇ, “ನಾಳೆ ಎಷ್ಟೊತ್ತಿಗೆ ನೀರು ಬಿಡಿಸ್ಲಿ?” ಎಂದು ನನ್ನನ್ನು ಕೇಳಿದರು.

ಮಳೆ ಬರುವ ಹೊತ್ತಿಗೆ ಮೂವತ್ತೇಳು ಸಸಿ ಉಳಿದಿದ್ದವು. ಮರುವರ್ಷ ನಾನು ಗಣಿತ ಪಾಸಾದೆ. ಮುಂದೆ ಓದಿ, ಕೆಂಗೇರಿಯ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ನಿಗದಿ ಮಾಡುವ ಕೆಲಸಕ್ಕೆ ಸೇರಿದೆ.

ಆಂಟಿ ತೀರಿಕೊಳ್ಳುವ ಒಂದು ವಾರ ಮುಂಚೆ ನೋಡಲು ಹೋಗಿದ್ದೆ.

“ನಿನ್ ಕೈಕೆಳಗೆ ಯಾರಾದ್ರೂ ಇದಾರಾ?”

“ಇಬ್ರು ಹುಡುಗೀರು ಅದಾರ್ರೀ.”

“ತಪ್ಪು ಮಾಡಿದ್ರೆ ಏನ್ಮಾಡ್ತೀಯ?”

“ಬಾಜೂಕ ಕೂಡಿಸ್ಕೊಂಡು ತೋರಸ್ತೀನ್ರೀ.”

ಅವರು ನನ್ನ ಕೈ ಹಿಡಿದುಕೊಂಡರು. ನಾನು ಹೊರಡುವವರೆಗೂ ಬಿಡಲಿಲ್ಲ.