ಲೈಬ್ರರಿಗಾಗಿ, ಮದುವೆಗೆ ಕರೆದ ಹಾಗೆ

ಮೇಲಿನ ಮನೆಯಾಕೆಯ ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದು ಇತ್ತು. ಜರ್ಮನ್ ಮಾತಾಡುವಾಗ ಆ ಸಂದಿನಿಂದ ಸಣ್ಣಗೆ ಸೀಟಿಯ ಸದ್ದು ಬರುತ್ತಿತ್ತು. ವ್ಯಾಕರಣ ಆ ಸೀಟಿಯ ಜೊತೆಗೇ ಹಾರಿಹೋಗುತ್ತಿತ್ತು. ನಾನಾದರೋ ಮೈಸೂರಿನಲ್ಲೇ ಎರಡು ವರ್ಷ ಜರ್ಮನ್ ಕಲಿತು, ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟುಕೊಂಡು ವಿಮಾನ ಹತ್ತಿದವಳು. ಆದರೂ ಬೇಕರಿಯ ಹೆಂಗಸು ನನಗೆ ಬ್ರೆಡ್ಡನ್ನಷ್ಟೇ ಕೊಡುತ್ತಿದ್ದಳು. ಮೇಲಿನ ಮನೆಯಾಕೆಗಾದರೆ ಬ್ರೆಡ್ಡಿನ ಜೊತೆ ತನ್ನ ಮಂಡಿನೋವಿನ ಕಥೆಯನ್ನೆಲ್ಲ ಹೇಳುತ್ತಿದ್ದಳು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಕಲಿತವರನ್ನು ಜರ್ಮನಿ ಕರೆಸಿಕೊಳ್ಳುತ್ತಿದ್ದ ಕಾಲ ಅದು. ಫ್ರಾಂಕ್‌ಫರ್ಟ್‌ನಿಂದ ಎಸ್-ಬಾನ್ ರೈಲಿನಲ್ಲಿ ಇಪ್ಪತ್ತು ನಿಮಿಷದ ಸಣ್ಣ ಊರಿಗೆ ನಾವು ಬಂದೆವು. ನನ್ನ ಗಂಡನಿಗೆ ಐದು ವರ್ಷದ ಪರವಾನಗಿ, ಆಕೆಯ ಗಂಡನಿಗೂ ಅಷ್ಟೇ. ನಮ್ಮದು ಎರಡನೇ ಮಹಡಿ, ಅವರದು ಮೂರನೆಯದು. ಆಕೆ ಉಡುಪಿ ಕಡೆಯವಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಮಕ್ಕಳಿರಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಅವಳು ಮೇಲಿನ ಮನೆಯಾಕೆಯೇ.

ಸ್ಟೇಷನ್ನಿನ ಹಿಂದೆ ಒಂದು ಸಾರ್ವಜನಿಕ ಲೈಬ್ರರಿ ಇದೆ ಎಂದು ಕಂಡುಹಿಡಿದವಳು ನಾನು. ಇದನ್ನು ಒತ್ತಿ ಹೇಳಲೇಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಮರೆತರು. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಮನೆಯಲ್ಲಿ ಒಬ್ಬಳೇ ಇರುತ್ತಾಳಲ್ಲ, ಪಾಪ ಎಂದು ಒಂದು ದಿನ ಆಕೆಯನ್ನೂ ಕರೆದೊಯ್ದೆ. ಶನಿವಾರಗಳಲ್ಲಿ ಯಾರು ಬೇಕಾದರೂ ಅಲ್ಲಿ ಮಕ್ಕಳಿಗೆ ಕಥೆ ಓದಬಹುದಿತ್ತು. ನಾನು ಒಂದೂ ತಪ್ಪಿಲ್ಲದೆ ಓದಿದೆ. ಮಕ್ಕಳು ಆಕಳಿಸಿದರು. ಮುಂದಿನ ವಾರ ಆಕೆ ಪುಸ್ತಕ ಮುಚ್ಚಿಟ್ಟು, ನೆಲದ ಮೇಲೆ ಕೂತು, ತಾನೇ ಹುಲಿಯಾಗಿ ತಾನೇ ಮೊಸಳೆಯಾಗಿ, ಅರ್ಧ ಜರ್ಮನ್ ಅರ್ಧ ತುಳುವಿನಲ್ಲಿ ಕಥೆ ಹೇಳಿದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಮಗಳು ಹೋಗಿ ಆಕೆಯ ತೊಡೆಯೇರಿದಳು. "ಅಮ್ಮಾ, ಇನ್ಮೇಲೆ ನೀನು ಓದ್ಬೇಡ, ಆಂಟೀನೇ ಹೇಳ್ಲಿ" ಎಂದಿತು ದಾರಿಯಲ್ಲಿ ನಾನೇ ಹೆತ್ತ ಕೂಸು.

ಮರುವರ್ಷ ನಗರಸಭೆ ಆ ಲೈಬ್ರರಿ ಮುಚ್ಚಿ, ಕಟ್ಟಡವನ್ನು ಬಿಲ್ಡರ್‌ಗೆ ಮಾರಲು ಹೊರಟಿತು. ಕೆಡವಿ ಫ್ಲ್ಯಾಟ್ ಕಟ್ಟುವ ಯೋಜನೆ. ತಡೆಯಲು ಒಂದೇ ದಾರಿ ಇತ್ತು: ಗಡುವಿನೊಳಗೆ ಸಾಕಷ್ಟು ಸಹಿ ಸಂಗ್ರಹವಾದರೆ ಊರಿನವರು ಮತ ಹಾಕಿ ತೀರ್ಮಾನಿಸಬಹುದು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಮುಂದಾಳಾಗಿ ನಿಂತರು.

"ಐದು ವರ್ಷಕ್ಕೆ ಬಂದಿರೋರು ನಾವು. ಇವರ ಲೈಬ್ರರಿ ಇದ್ರೆಷ್ಟು, ಹೋದ್ರೆಷ್ಟು ಬಿಡಿ" ಅಂದೆ ನಾನು.

"ಬಾಡಿಗೆ ಮನೆ ಅಂತ ಗುಡಿಸದೆ ಕೂತ್ಕೊಳ್ಳಿಕ್ಕಾಗ್ತದಾ ಮಾರಾಯ್ರೆ?" ಅಂದಳು ಆಕೆ.

ಮಾರನೆಯ ದಿನವೇ ಲೈಬ್ರರಿಯಿಂದ ಸಹಿ ಫಾರ್ಮುಗಳ ಕಟ್ಟು ತಂದಳು. ಆ ಊರಲ್ಲಿದ್ದ ಭಾರತೀಯರ ಮನೆಗಳೆಲ್ಲ ಆದವು. ಫ್ರಾಂಕ್‌ಫರ್ಟ್‌ನ ದೀಪಾವಳಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತವರಿಗೂ ಪೆನ್ನು ಹಿಡಿಸಿದಳು. "ಎಷ್ಟು ಹಾಳೆ ತುಂಬಿತು ನೋಡಿ!" ಎಂದು ಮಗುವಿನ ಹಾಗೆ ನನಗೆ ತೋರಿಸಿದಳು.

ಆ ಫಾರ್ಮಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು. ಈ ಊರಿನ ಮತದಾರರ ಸಹಿ ಮಾತ್ರ ಊರ್ಜಿತ. ಎಂದರೆ ಜರ್ಮನ್ನರದು, ಯುರೋಪ್ ಒಕ್ಕೂಟದವರದು. ನಮ್ಮ ಸಹಿಗೆ ಕಿಮ್ಮತ್ತಿಲ್ಲ. ನಾನು ಓದಿದೆ, ಅರ್ಥವಾಯಿತು. ಬಾಯಿ ಮುಚ್ಚಿಕೊಂಡು ಕೂತೆ. ಅಷ್ಟೇ ಅಲ್ಲ, ಆಕೆ ನೀಡಿದ ಪೆನ್ನು ತೆಗೆದುಕೊಂಡು ನಾನೂ ಅಚ್ಚುಕಟ್ಟಾಗಿ ಸಹಿ ಹಾಕಿದೆ. ಒಮ್ಮೆಯಾದರೂ ಇವಳು ನಾಲ್ಕು ಜನರ ಮುಂದೆ ಬೆಪ್ಪಾಗಲಿ ಎಂದು ನನಗೆ ಮನಸಾರೆ ಅನಿಸಿತ್ತು.

ಚರ್ಚಿನ ಹಾಲ್‌ನಲ್ಲಿ ಸಭೆ. ಆಕೆ ಫಾರ್ಮುಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ಪೋಸ್ಟ್‌ಮ್ಯಾನ್ ಹಾಳೆ ತಿರುಗಿಸುತ್ತಾ ಹೋದ ಹಾಗೆ ಅವರ ಮುಖ ಸಣ್ಣದಾಯಿತು. ಬಹಳ ಸಂಕೋಚದಿಂದ ವಿಷಯ ಹೇಳಿ, ಸ್ಕೇಲು ಇಟ್ಟು, ಒಂದೊಂದೇ ಹಾಳೆಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದರು. ಗಡುವಿಗೆ ಮೂರೇ ವಾರ ಉಳಿದಿತ್ತು. ಆಕೆಯ ಮುಖ ಬಾಡಿತು. ನಾನು ಕಾಯುತ್ತಿದ್ದದ್ದು ಅದನ್ನೇ, ಆದರೆ ನೋಡಲಾಗಲಿಲ್ಲ. ಆಕೆ ಒಂದು ಕ್ಷಣ ನನ್ನ ಕಡೆ ತಿರುಗಿದಳು, ಕನ್ನಡದಲ್ಲಿ ಹೇಳಿದಳು:

"ನಮ್ದು ಲೆಕ್ಕಕ್ಕಿಲ್ಲವಂತೆ. ಹಾಗಾದ್ರೆ ಲೆಕ್ಕಕ್ಕಿರುವವರ ಮನೆಗೆ ಹೋಗುವ. ಒಬ್ಬಳೇ ಹೋಗಿ ಕರೆಯುವ ಕ್ರಮ ಇಲ್ಲ ನಮ್ಮಲ್ಲಿ. ನೀವು ಬನ್ನಿ."

ಸೂಪರ್‌ಮಾರ್ಕೆಟ್ಟಿನ ಮುಂದೆ ಮೇಜು ಹಾಕಿಕೊಂಡು ನಿಲ್ಲುವುದು ಅಲ್ಲಿನವರ ಪದ್ಧತಿ. ಈಕೆ ಹೊರಟದ್ದು ಮದುವೆಗೆ ಕರೆಯುವವರ ಹಾಗೆ. ರೇಷ್ಮೆ ಸೀರೆ, ಅದರ ಮೇಲೆ ದಪ್ಪ ಕೋಟು. ಹೇಳದೆ ಕೇಳದೆ ಜರ್ಮನ್ನರ ಮನೆಯ ಗಂಟೆ ಒತ್ತುವ ಧೈರ್ಯವಿಲ್ಲದೆ ನಾನು ಆಕೆಯ ಬೆನ್ನ ಹಿಂದೆ ನಿಂತೆ. ಮೊದಲ ಮನೆಯ ಮುದುಕಿ ಬಾಗಿಲನ್ನು ಅರ್ಧ ತೆರೆದು, "ಟೆರ್ಮಿನ್ ಇದೆಯಾ?" ಎಂದಳು. ಮೊದಲೇ ಸಮಯ ಗೊತ್ತುಮಾಡಿಕೊಂಡಿದ್ದೀರಾ ಎಂದು ಅರ್ಥ.

"ಫಾರ್ಮ್ ಕೊಟ್ಟು ಹೋಗೋಣ ಬನ್ರೀ" ಎಂದು ನಾನು ಪಿಸುಗುಟ್ಟಿದೆ.

"ಕರೀಲಿಕ್ಕೆ ಬಂದವರು ಹೊಸ್ತಿಲಲ್ಲಿ ನಿಂತು ಕಾಗದ ಕೊಟ್ಟು ಹೋಗುವುದುಂಟಾ? ಐದು ನಿಮಿಷ ಕೂತು ಹೋಗ್ತೇವೆ ಹೇಳಿ."

ಹೇಳಿದೆ. ಮುಕ್ಕಾಲು ಗಂಟೆ ಕೂತೆವು. ಸತ್ತ ಗಂಡನ ಫೋಟೊ, ಮ್ಯೂನಿಕ್ಕಿನಲ್ಲಿರುವ ಮಗ, ಸಕ್ಕರೆ ಕಾಯಿಲೆ ಎಲ್ಲ ಆಯಿತು. ಲೈಬ್ರರಿಯ ಮಾತು ತೆಗೆದದ್ದು ಎದ್ದು ನಿಂತ ಮೇಲೆ. "ನೀವು ಬರ್ಲೇಬೇಕು" ಎಂದು ಆಕೆ ಮುದುಕಿಯ ಎರಡೂ ಕೈ ಹಿಡಿದುಕೊಂಡಳು, ನಾನು ಅದನ್ನು ಜರ್ಮನ್ ಮಾಡಿದೆ. ಮುದುಕಿ ಸಹಿ ಹಾಕಿದಳು. ಆಮೇಲೆ ತಾನೂ ಕೋಟು ತೊಟ್ಟು, ಪಕ್ಕದ ಮನೆಯ ಗಂಟೆಯನ್ನು ತಾನೇ ಒತ್ತಿದಳು. ಮೂರು ವಾರ ಹೀಗೆ ತಿರುಗಿದೆವು. ಗಡುವಿನ ಹಿಂದಿನ ದಿನ ಸಹಿ ಸಾಕಷ್ಟಾಯಿತು.

ಮತದಾನಕ್ಕೆ ಮೊದಲೇ ಆಕೆಯ ಗಂಡನ ಕಂಪನಿ ಬಾಗಿಲು ಹಾಕಿತು. ಕೆಲಸ ಹೋದರೆ ಪರವಾನಗಿಯೂ ಹೋದಂತೆ. ಊರಿಗೆ ಮರಳಲು ಸಾಮಾನು ಕಟ್ಟುವಾಗಲೂ ಆಕೆಯದು ಒಂದೇ ಮಾತು: "ಮತ ಹಾಕ್ಲಿಕ್ಕೆ ಮತ್ತೊಮ್ಮೆ ಹೋಗಿ ಕರೀಬೇಕು. ಮರೀಬೇಡಿ." ಆ ಮುದುಕಿಯನ್ನು ಜೊತೆ ಮಾಡಿಕೊಂಡು ಮನೆಮನೆಗೆ ಹೋದೆ. ಪ್ರತಿ ಬಾಗಿಲಲ್ಲೂ ಮೊದಲ ಪ್ರಶ್ನೆ, "ಇನ್ನೊಬ್ಬರು ಎಲ್ಲಿ?" ಲೈಬ್ರರಿ ಉಳಿಯಿತು. ಸಮಾರಂಭದಲ್ಲಿ ಪೋಸ್ಟ್‌ಮ್ಯಾನ್ ಆಕೆಯನ್ನು ನೆನೆದು ಗದ್ಗದರಾದರು. ನನ್ನ ಹೆಸರು ಉಳಿದವರ ಪಟ್ಟಿಯಲ್ಲಿ ಬಂತು. ಚಪ್ಪಾಳೆ ತಟ್ಟುತ್ತಾ ಒಳಗೊಳಗೇ ಕುದಿದೆ.

ಹೋದ ವರ್ಷ ಆಕೆಗೆ ಕಾಯಿಲೆ ಜೋರಾಗಿದೆ ಎಂದು ತಿಳಿದು ಫೋನ್ ಮಾಡಿದೆ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ. "ಆ ಫಾರ್ಮಿನ ಅಡಿಯಲ್ಲಿ ಬರೆದದ್ದನ್ನ ನಾನು ಮೊದಲೇ ಓದಿದ್ದೆ ಕಣ್ರೀ. ಬೇಕಂತಲೇ ನಿಮಗೆ ಹೇಳ್ಲಿಲ್ಲ."

"ಅದು ನಂಗೆ ಅವತ್ತೇ ಗೊತ್ತಾಗಿದೆ ಮಾರಾಯ್ರೆ. ಹಾಲ್‌ನಲ್ಲಿ ಎಲ್ಲರೂ ಹಾಳೆ ನೋಡ್ತಿದ್ರು, ನೀವೊಬ್ರು ನನ್ನ ಮುಖ ನೋಡ್ತಿದ್ರಿ."

"ಮತ್ತೆ ನನ್ನನ್ನೇ ಯಾಕೆ ಕರ್ಕೊಂಡು ಹೋದ್ರಿ?"

"ಬೇರೆ ಯಾರಿದ್ರು? ಲೈಬ್ರರಿ ಉಳೀಬೇಕಿತ್ತಲ್ಲ."

ಹನ್ನೆರಡು ದಿನಕ್ಕೆ ಆಕೆ ತೀರಿಕೊಂಡಳು. ಶನಿವಾರ ಲೈಬ್ರರಿಗೆ ಹೋಗಿ ಸುದ್ದಿ ಹೇಳಿದೆ. ಅಂದು ನೆಲದ ಮೇಲೆ ಕೂತು ಆಕೆಯ ಕಥೆ ಕೇಳಿದ್ದ ಹುಡುಗಿಯೊಬ್ಬಳು ಈಗ ಅಲ್ಲೇ ಕೌಂಟರಿನಲ್ಲಿ ಕೆಲಸಕ್ಕಿದ್ದಾಳೆ. ಕೆಲಸ ಬಿಟ್ಟು ಒಳಗೆ ಹೋಗಿ ಅತ್ತಳು. ಮೇಲಿನ ಮನೆಯಾಕೆ ಈ ಊರಿನಲ್ಲಿದ್ದದ್ದು ಎರಡೂವರೆ ವರ್ಷ. ಐದು ವರ್ಷಕ್ಕೆಂದು ಬಂದ ನಾನು ಇಪ್ಪತ್ತು ದಾಟಿಸಿದ್ದೇನೆ. ನಾನು ಸತ್ತರೆ ಈ ಕಟ್ಟಡದಲ್ಲಿ ಯಾರು ಅಳುತ್ತಾರೆ ಎಂದು ಲೆಕ್ಕ ಹಾಕುತ್ತಾ ನಿಂತೆ. ಆಕೆಯ ಸಾವಿನ ಸುದ್ದಿ ಬಾಯಲ್ಲಿ ಇನ್ನೂ ಆರಿರಲಿಲ್ಲ, ನನಗೆ ಹೊಟ್ಟೆ ಉರಿಯುತ್ತಿತ್ತು.